ಮುಚ್ಚಿದ ಬಾಗಿಲಿನ ಖಾರ

"ಹಸಿರು ಅಂದಿದ್ದೆ ನಾನು! ಹಸಿರು!" ಎನ್ನುತ್ತ ಶೋರ್ಮೆ ಡಬ್ಬಿಯಲ್ಲಿ ಕುಂಚ ಅದ್ದಿ ಶವಪೆಟ್ಟಿಗೆಯ ಬೆನ್ನಿಗೆ ರಪ್ಪನೆ ಬಳಿದಳು. "ನಮ್ಮತ್ತೆ ಕೆಂಪು ಮೆಣಸಿನಕಾಯಿನ ಮನೆಯೊಳಗೆ ಬಿಟ್ಟುಕೊಂಡವಳಲ್ಲ. ಊರಿಗೆಲ್ಲ ಗೊತ್ತು. ನಿನಗೊಬ್ಬನಿಗೆ ಗೊತ್ತಿಲ್ಲ."

ಪೆಟ್ಟಿಗೆ ಆಳುದ್ದದ ಮೆಣಸಿನಕಾಯಿಯ ಆಕಾರದಲ್ಲಿತ್ತು, ತುದಿಗೊಂದು ಸೊಟ್ಟ ತೊಟ್ಟು ಬೇರೆ. ಬೆಸ್ತ ಮೀನಿನೊಳಗೆ ಮಲಗಿ, ಡ್ರೈವರು ಬಸ್ಸಿನೊಳಗೆ ಮಲಗಿ ಮಣ್ಣಿಗೆ ಹೋಗುವ ಘಾನಾದ ಕಡಲೂರು ತೆಶಿಯಲ್ಲಿ ಅದೇನೂ ದೊಡ್ಡ ವಿಷಯವಲ್ಲ. ಬಣ್ಣ ತಪ್ಪಿದ್ದೇ ದೊಡ್ಡ ವಿಷಯ.

"ಎಂಬತ್ತು ದಾಟಿದ ಜೀವ ತಂಗಿ," ಎಂದ ಬಡಗಿ ಸೋವಾ, ಒಂದಿಷ್ಟೂ ನಾಚದೆ. "ಹಣ್ಣಾಗಿತ್ತಲ್ಲ? ಹಣ್ಣಾದ ಮೇಲೆ ಕೆಂಪೇ."

"ಅವಳ ಮೆಣಸಿನಕಾಯಿ ಗುಂಡಗಿನದು. ಇದು ನೋಡಿದ್ರೆ ಸೋರೆಕಾಯಿ ಹಂಗಿದೆ."

"ಗುಂಡಗೆ ಮಾಡಿದ್ದಿದ್ರೆ ನಿಮ್ಮತ್ತೇನ ಮಡಚಿ ಇಡಬೇಕಾಗ್ತಿತ್ತು."

ಶೋರ್ಮೆಗೆ ಕುಂಚ ತಗೊಂಡು ಅವನ ಮುಖಕ್ಕೇ ಬಳಿಯಬೇಕೆನಿಸಿತು. ಅಂಗಳದಲ್ಲಿ ಶಾಮಿಯಾನ ಎದ್ದಾಗಿತ್ತು. ಪ್ಲಾಸ್ಟಿಕ್ ಕುರ್ಚಿಗಳು ಬಂದಿಳಿಯುತ್ತಿದ್ದವು. ನಡುಮನೆಯಲ್ಲಿ ಅತ್ತೆ ಒಡಾರ್ಲೆ ಮಾ ಬಿಳಿ ಲೇಸಿನ ಬಟ್ಟೆಯುಟ್ಟು, ಶವಾಗಾರದ ಚಳಿಯನ್ನು ಇನ್ನೂ ಮೈಮೇಲೆ ಹೊತ್ತುಕೊಂಡು, ಹಿತ್ತಾಳೆ ಮಂಚದ ಮೇಲೆ ಮಲಗಿದ್ದಳು. ಸತ್ತ ಮೇಲೂ ಕೆಲಸ ಹೇಳುತ್ತಿರುವ ಮುಖ.

"ಇದು ಒಣಗೋದು ಯಾವ ಕಾಲಕ್ಕೆ?" ಎನ್ನುತ್ತ ಒಬೋಶಿ ಬಂದಳು. ಸತ್ತವಳ ತಂಗಿ, ಈಗ ಮನೆಗೆ ಹಿರಿಯಳು. ಕುರ್ಚಿ ಎಳೆದು ಕೂತವಳೇ ಪೆಟ್ಟಿಗೆಗೆ ಕೈಯೂರಿದಳು. ಬೆರಳೆಲ್ಲ ಹಸಿರಾಯಿತು. "ಅಯ್ಯೋ! ಮುಟ್ಟಬೇಡಿ ಅಂತ ಹೇಳೋರು ಯಾರೂ ಇಲ್ವಾ ಈ ಮನೇಲಿ?"

"ಕಣ್ಣೆದುರಿಗೇ ಬಳೀತಿದೀನಲ್ಲ ಚಿಕ್ಕತ್ತೆ."

"ಎದುರುತ್ತರ ಸಾಕು. ಅಕ್ಕನ ಬೋಗುಣಿ, ಅರೆಗುಂಡು ತಂದಿಡು. ಅವಳ ಜೊತೆಗೇ ಹೋಗಬೇಕು. ಮೀನು ಮಾರೋ ಹೆಂಗಸರೆಲ್ಲ ಬರ್ತಾರೆ. ಒಬ್ಬೊಬ್ಬರೂ ಆ ಅರೆಗುಂಡನ್ನ ಕೈಯಲ್ಲಿ ಹಿಡಿದು ಅವಳನ್ನ ಕಳಿಸಿಕೊಡಲಿ."

ಸತ್ತವಳ ಮಗಳು ಅಫಿಯೆ ಹಿಂದೆಯೇ ಬಂದಿದ್ದಳು. ತೆಮಾ ಪಟ್ಟಣದಲ್ಲಿ ಬಟ್ಟೆ ಅಂಗಡಿ ಇಟ್ಟವಳು, ರಸ್ತೆ ಮೂಲೆಯಲ್ಲಿ ಅಮ್ಮ ಸುಟ್ಟ ಮೀನು ಮಾರುತ್ತಿದ್ದ ಒಲೆಯ ಹೊಗೆ ಕಂಡರೆ ಮೂಗು ಮುಚ್ಚುವವಳು. "ಆಮೇಲೆ ಒಲೆ ಕಿತ್ತು ಹಾಕಿಬಿಡಿ. ರಸ್ತೆ ಮೂಲೇನ ಮೊಬೈಲಲ್ಲಿ ಹಣ ಕಳಿಸಿಕೊಡೋ ಡಬ್ಬಿ ಅಂಗಡಿಯೋನು ಬಾಡಿಗೆಗೆ ಕೇಳಿದ್ದಾನೆ."

ಶೋರ್ಮೆಯ ಕುಂಚ ನಿಂತಿತು. "ಆ ಒಲೆ ಮುಂದೆ ನಾನು ಮದುವೆಯಾಗಿ ಬಂದಾಗಿಂದ ಮೀನು ಸುಟ್ಟಿದ್ದೀನಿ ಅಫಿಯೆ."

"ಮೀನು ಯಾರು ಬೇಕಾದ್ರೂ ಸುಡ್ತಾರೆ ಅತ್ತಿಗೆ. ಜನ ಬರ್ತಿದ್ದಿದ್ದು ಅಮ್ಮನ ಖಾರಕ್ಕೆ. ಅದನ್ನ ನಿನಗೆ ಯಾವತ್ತಾದ್ರೂ ಹೇಳಿಕೊಟ್ಟಿದ್ಲಾ?"

ಶೋರ್ಮೆ ಕುಂಚವನ್ನು ಮತ್ತೆ ಡಬ್ಬಿಗೆ ಅದ್ದಿದಳು. ಒಬೋಶಿ ಬೆರಳಿನ ಬಣ್ಣವನ್ನು ಕುರ್ಚಿಗೆ ಒರೆಸುತ್ತ ತೀರ್ಪು ಕೊಟ್ಟಳು. "ಜಗಳ ಬೇಡ, ಇವತ್ತು ಬೇಡ. ಮಣ್ಣು ಮುಗಿಸಿ ಬಂದು ಊಟಕ್ಕೆ ಕೂತಾಗ ಖಾರ ಇವಳೇ ಮಾಡಲಿ. ಅಕ್ಕನ ಖಾರ ಬಂತೋ, ಮೂಲೆ ಇವಳದು. ಬರಲಿಲ್ಲವೋ, ಬಾಡಿಗೆಗೆ ಕೊಟ್ಟುಕೋ. ಬಾಯಿಗಿಟ್ಟರೆ ನನಗೆ ಗೊತ್ತಾಗುತ್ತೆ."

*

ಒಡಾರ್ಲೆ ಮಾ ಮೊದಲೆಲ್ಲ ರಸ್ತೆಗೆ ಮುಖ ಮಾಡಿ ಕೂತು ಅರೆಯುತ್ತಿದ್ದಳು. ಒಳಗೆಲ್ಲ ಏಣುಗಳಿದ್ದ ಕಪ್ಪು ಮಣ್ಣಿನ ಬೋಗುಣಿ ತೊಡೆಗಳ ನಡುವೆ, ನಡು ಸಣ್ಣಗಿದ್ದ ಮರದ ಅರೆಗುಂಡು ಕೈಯಲ್ಲಿ, ಬಾಯಲ್ಲಿ ದಾರಿಹೋಕರ ಮೇಲೆಲ್ಲ ಬೈಗುಳ. ಖಾರ ಚೆನ್ನಾಗಿಯೇ ಇರುತ್ತಿತ್ತು, ಬೀದಿಯ ಉಳಿದವರ ಖಾರದ ಹಾಗೆಯೇ.

ಶೋರ್ಮೆಯ ಗಂಡ ಅಯಿಟೆ ಜ್ವರದಲ್ಲಿ ತೀರಿಕೊಂಡ. ಮಗನನ್ನು ಮಣ್ಣು ಮಾಡಿ ಬಂದ ಸಂಜೆ ಮುದುಕಿ ಚರಂಡಿಯ ಹಲಗೆಯ ಮೇಲೆ ಜಾರಿ ಬಿದ್ದಳು. ಏನೂ ಆಗಿಲ್ಲ ಬಿಡು ಎಂದು ತಾನೇ ಎದ್ದಳು. ಆ ವಾರವೇ ಬೋಗುಣಿ, ಹೊಸದೊಂದು ಅರೆಗುಂಡು ಒಳಕೋಣೆಗೆ ಹೋದವು, ಬಾಗಿಲಿಗೆ ಅಗುಳಿ ಬಿತ್ತು.

"ಬಾಗಿಲು ಯಾಕತ್ತೆ?"

"ಧೂಳು. ಕಾಣ್ತಿಲ್ವಾ ಕಣ್ಣಿಗೆ?"

ಹಾರ್ಮಟಾನ್ ಗಾಳಿಯ ಕಾಲ. ಮರುಭೂಮಿಯ ಧೂಳು ಊರಿನ ಮೇಲೆಲ್ಲ ಕೂತಿತ್ತು ನಿಜ. ಆದರೆ ಗಾಳಿ ಹೋಯಿತು, ಮಳೆ ಬಂತು, ಬಾಗಿಲು ಮಾತ್ರ ತೆರೆಯಲಿಲ್ಲ. ಶೋರ್ಮೆ ಮೆಣಸಿನಕಾಯಿಯ ತೊಟ್ಟು ಮುರಿದು, ಶುಂಠಿ ಹೆರೆದು, ಟೊಮೆಟೊ ತೊಳೆದು ಹೊಸ್ತಿಲ ಹತ್ತಿರ ಇಡಬೇಕು. ಆಮೇಲೆ ಒಳಗಿನಿಂದ ಸದ್ದು ಕೇಳುತ್ತಿತ್ತು. ಟೊಕ್, ಸ್ವಲ್ಪ ಬಿಟ್ಟು ಸರ್ರ್. ಮತ್ತೆ ಟೊಕ್.

ವಿಚಿತ್ರವೆಂದರೆ ಖಾರದ ರುಚಿ ಏರಿದ್ದು ಆಗಲೇ. ತಿಲಾಪಿಯಾ ಮೀನಿನ ಸುಟ್ಟ ಚರ್ಮದ ಮೇಲೆ ಅದನ್ನು ಹಾಕಿಕೊಂಡು ಬಂಕು ಮುದ್ದೆ ಮುರಿದು ತಿಂದವರು ಕಣ್ಣೊರೆಸಿಕೊಳ್ಳುತ್ತ ಇನ್ನೊಂದು ಚಮಚ ಕೇಳುತ್ತಿದ್ದರು. ರಾಜಧಾನಿ ಅಕ್ರಾದಿಂದ ಕಾರುಗಳು ಬಂದು ನಿಂತವು. ಶೋರ್ಮೆ ಅದೇ ಸಾಮಾನು ತಂದು ತನ್ನ ಅಡುಗೆಮನೆಯ ಬೋಗುಣಿಯಲ್ಲಿ ನುಣ್ಣಗೆ, ಬೆಣ್ಣೆಯಂತೆ ಅರೆದು ತೋರಿಸಿದಳು. ಮುದುಕಿ ನಾಲಿಗೆಯ ತುದಿಗೆ ಸವರಿ, "ಎಳೆಮಕ್ಕಳಿಗೆ ತಿನ್ನಿಸೋ ಗಂಜಿ ಇದು," ಎಂದಳು. ಇನ್ನೂ ನುಣ್ಣಗೆ ಬೇಕೇನೋ ಎಂದು ಶೋರ್ಮೆ ಇನ್ನಷ್ಟು ಅರೆದಳು. ಮುದುಕಿ ಜೋರಾಗಿ ನಕ್ಕಳು. ಆ ನಗುವಿಗೆ ಶೋರ್ಮೆ ವಾರವಿಡೀ ಮಾತು ಬಿಟ್ಟಿದ್ದಳು.

ಹಾಗಂತ ಮುದುಕಿ ಬಿಡುತ್ತಿದ್ದಳೇ? "ಬಾ ಇಲ್ಲಿ, ನನ್ನ ತಲೆಬಟ್ಟೆ ಕಟ್ಟು. ಕೂತು ಕೂತು ಬೇರು ಬಿಟ್ಟಿದ್ದೀಯ." ದಿನಾ ಬೆಳಿಗ್ಗೆ ಅದೊಂದು ಕೆಲಸ. ನಿಮಗೆ ಕೈಯಿಲ್ಲವಾ ಎಂದು ಕೇಳಬೇಕೆಂದು ದಿನಾ ಅನಿಸುತ್ತಿತ್ತು.

*

ಕೋಣೆಯ ಬೀಗದ ಕೈ ಮುದುಕಿಯ ಸೊಂಟದ ಮಣಿಸರದಲ್ಲಿ ಇರುತ್ತಿತ್ತು. ಈಗ ಶೋರ್ಮೆಯ ಸೆರಗಿನಲ್ಲಿತ್ತು. ಒಳಗೆ ಒಂದು ಗಿಡ್ಡ ಮಣೆ, ಉಪ್ಪಿನ ಡಬ್ಬಿ, ಬಟ್ಟೆ ಮುಚ್ಚಿದ ಬೋಗುಣಿ. ಇಷ್ಟು ವರ್ಷದ ಗುಟ್ಟೆಂದರೆ ಇಷ್ಟೇನಾ? ಮೂಲೆ ಮೂಲೆ ಹುಡುಕಿದಳು. ಪುಡಿಯಿಲ್ಲ, ಬೇರಿಲ್ಲ, ಎಲೆಯಿಲ್ಲ. ಸಿಟ್ಟಿನಲ್ಲಿ ಅರೆಗುಂಡನ್ನು ಎತ್ತಿಕೊಂಡಳು.

ಅದು ಕೈಗೆ ಕೂರಲಿಲ್ಲ.

ಸಣ್ಣ ನಡುವಿನಲ್ಲಿ ಹೆಬ್ಬೆರಳು ಒತ್ತಿ ಒತ್ತಿ ಬಿದ್ದ ಗುಳಿ ಇರುತ್ತದಲ್ಲ, ಅದು ತಪ್ಪು ಕಡೆಗಿತ್ತು. ತಿರುಗಿಸಿ ಹಿಡಿದಳು, ಮೇಲು ಕೆಳಗು ಮಾಡಿ ಹಿಡಿದಳು, ಆಗಲೂ ಬೆರಳಿಗೆ ಬೆರಳು ಜಾಗ ಬಿಡಲಿಲ್ಲ. ಬೇಸತ್ತು ಎಡಗೈಗೆ ಬದಲಿಸಿದಳು. ಹಳೆಯ ಚಪ್ಪಲಿಗೆ ಪಾದ ಇಳಿದ ಹಾಗೆ ಇಳಿಯಿತು.

ಶೋರ್ಮೆ ಮಣೆ ಎಳೆದುಕೊಂಡು ಕೂತಳು.

ಎಡಗೈ! ಬಸ್ಸಿನ ಚಿಲ್ಲರೆಯನ್ನು ಎಡಗೈಯಲ್ಲಿ ಕೊಟ್ಟರೂ ಕ್ಷಮಿಸಿ ಅನ್ನಬೇಕಾದ ಊರು ಇದು. ಕಕ್ಕಸಿನ ಕೈಯಲ್ಲಿ ಅರೆದ ಖಾರ ಎಂದು ಒಬ್ಬಳ ಬಾಯಿಗೆ ಬಿದ್ದಿದ್ದರೆ ಆ ಮೂಲೆಗೆ ನಾಯಿಯೂ ಬರುತ್ತಿರಲಿಲ್ಲ. ತಲೆಬಟ್ಟೆ ನೆನಪಾಯಿತು. ಚರಂಡಿಯ ಹಲಗೆ ನೆನಪಾಯಿತು. ಬಲಗೈಯನ್ನು ಹೆಗಲಿಂದ ಮೇಲೆ ಎತ್ತಲು ಆಗದ ಮುದುಕಿ, ಆ ಕೋಣೆಯೊಳಗೆ ಒಬ್ಬಳೇ, ಶಕ್ತಿಯಿಲ್ಲದ ಎಡಗೈಯಲ್ಲಿ. ಅರ್ಧ ಒಡೆದ ಮೆಣಸಿನಕಾಯಿ, ನಾರು ಬಿಡದ ಶುಂಠಿ. ಅದಕ್ಕೇ ಹಲ್ಲಿಗೆ ಸಿಕ್ಕಾಗ ಹಾಗೆ ಸಿಡಿಯುತ್ತಿತ್ತು!

"ಹಠಮಾರಿ ಮುದುಕಿ," ಎಂದಳು ಗೋಡೆಗೆ. "ನನಗೆ ಎರಡು ಕೈ ಇರಲಿಲ್ವಾ? ಒಂದು ಮಾತು ಹೇಳಿದ್ರೆ ಗಂಟು ಹೋಗ್ತಿತ್ತಾ?"

"ಶೋರ್ಮೇ! ಅರೆಗುಂಡು ತರೋಕೆ ಕಾಡಿಗೆ ಹೋಗಿದ್ದೀಯಾ?" ಒಬೋಶಿಯ ಕೂಗು.

ಹೊರಗೆ ಮೀನಿನ ಹೆಂಗಸರು ಸಾಲುಗಟ್ಟಿದ್ದರು. ದಿನವೂ ಅರೆಯುವ ಕೈಗಳು ಅವು. ಈ ಗುಳಿ ಯಾವ ಹೆಬ್ಬೆರಳಿನದು ಎಂದು ಕಣ್ಣು ಮುಚ್ಚಿ ಹೇಳಬಲ್ಲ ಕೈಗಳು.

ಶೋರ್ಮೆ ಬೋಗುಣಿಗೆ ಮತ್ತೆ ಬಟ್ಟೆ ಮುಚ್ಚಿ, ಬೀಗ ಹಾಕಿ, ಹಿಂದಿನ ಬಾಗಿಲಿಂದ ತನ್ನ ಅಡುಗೆಮನೆಗೆ ಓಡಿದಳು. ತನ್ನದೇ ಬೋಗುಣಿ, ತನ್ನದೇ ಅರೆಗುಂಡು ಎತ್ತಿಕೊಂಡು ಬಂದು ಮುದುಕಿಯ ಪಕ್ಕದಲ್ಲಿಟ್ಟಳು.

ಒಬೋಶಿಯೇ ಮೊದಲು ಹಿಡಿದಳು. ಹಿಡಿದವಳೇ ಬಿಕ್ಕಿದಳು. "ನೋಡಿ, ನೋಡಿ ಹೆಂಗೆ ಕೂತ್ಕೊಂತು ಬಲಗೈಯಲ್ಲಿ! ನಮ್ಮಕ್ಕನ ಕೈ ಇದು. ಇಂಥ ಕೈ ಇನ್ನು ಹುಟ್ಟೋದಿಲ್ಲ."

"ಹುಟ್ಟೋದಿಲ್ಲ," ಎಂದರು ಹೆಂಗಸರು, ಒಬ್ಬರ ಕೈಯಿಂದ ಒಬ್ಬರು ಇಸಿದುಕೊಳ್ಳುತ್ತ.

"ಎಷ್ಟು ಸವೆದಿದೆ ನೋಡು. ಸೊಸೆ ಒಂದು ದಿನ ಕೈ ಹಚ್ಚಿದ್ರೆ ಇಷ್ಟು ಸವೀತಿತ್ತಾ?" ಎಂದಳು ಅವರಲ್ಲೊಬ್ಬಳು.

ತನ್ನ ಹೆಬ್ಬೆರಳಿನ ಗುಳಿಯನ್ನು ಊರೆಲ್ಲ ಕಣ್ಣಿಗೊತ್ತಿಕೊಳ್ಳುವುದನ್ನು ನೋಡುತ್ತ ಶೋರ್ಮೆ ತುಟಿ ಕಚ್ಚಿ ನಿಂತಳು. ಬಾಯಿ ಬಿಡುವ ಹಾಗಿಲ್ಲ. ಮಂಚದ ಮೇಲಿನ ಮುಖ ಈಗಲೂ ನಗುವಂತೆ ಕಂಡಿತು.

ಬೋಗುಣಿ, ಅರೆಗುಂಡು ಮುದುಕಿಯ ಜೊತೆಗೇ ಪೆಟ್ಟಿಗೆ ಸೇರಿದವು. ವಾದ್ಯ ಹೊಡೆಯಿತು. ಹೊರುವವರು ಮೆಣಸಿನಕಾಯಿಯನ್ನು ಹೆಗಲೇರಿಸಿ ಕುಣಿಯುತ್ತ, ಮೀನಿನ ಮೂಲೆಯ ಹತ್ತಿರ ಮೂರು ಸಲ ಹಿಂದೆ ಮುಂದೆ ತೂಗಿ, ಸ್ಮಶಾನದ ಹಾದಿ ಹಿಡಿದರು. ಎಲ್ಲರ ಬಿಳಿಕಪ್ಪು ಬಟ್ಟೆಗಳ ಮೇಲೂ ಹಸಿರು ಕಲೆ.

*

ಹಿಂದಿರುಗಿದಾಗ ಮಧ್ಯಾಹ್ನ. ರಾತ್ರಿಯ ಮಳೆಗೆ ಅಂಗಳ ಇನ್ನೂ ಕೆಸರಾಗಿತ್ತು. ಅಫಿಯೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಂಡದ ಮೇಲಿನ ಮೀನು ಮಗುಚುತ್ತಿದ್ದಳು. "ಹೊತ್ತಿ ಹೋಯ್ತು! ಇನ್ನೊಂದೂ ಹೊತ್ತಿ ಹೋಯ್ತು! ಇದನ್ನ ದಿನಾ ಹೆಂಗೆ ಮಾಡ್ತೀಯಾ ಮಾರಾಯ್ತಿ?"

"ಮೀನು ಯಾರು ಬೇಕಾದ್ರೂ ಸುಡ್ತಾರೆ ಅಂದ್ಯಲ್ಲ, ಸುಡು," ಎಂದು ಶೋರ್ಮೆ ಕೋಣೆಗೆ ಹೋದಳು.

ಮೊದಲು ಉಪ್ಪು, ಮೆಣಸಿನಕಾಯಿ ಜಾರದಿರಲೆಂದು. ಮೇಲೆ ಶುಂಠಿ, ಗುಂಡು ಹಸಿರು ಮೆಣಸಿನಕಾಯಿ, ಈರುಳ್ಳಿ. ಅಭ್ಯಾಸಬಲದಿಂದ ಬಲಗೈ ಅರೆಗುಂಡನ್ನು ಹಿಡಿಯಿತು. ನಾಲ್ಕು ತಿರುವು ತಿರುವಿದ್ದೇ ತಡ, ನುಣ್ಣಗಾಗತೊಡಗಿತು. ಗಂಜಿ! ಅದನ್ನು ಬಳಿದು ಆಚೆ ಹಾಕಿದಳು. ಎದ್ದು ಅಗುಳಿ ಹಾಕಿ ಬಂದು, ಹೊಸದಾಗಿ ಉಪ್ಪು ಹಾಕಿ, ಎಡಗೈಗೆ ಬದಲಿಸಿದಳು.

ಮೊದಲ ಪೆಟ್ಟು ಬೋಗುಣಿಯ ಅಂಚಿಗೆ ಬಿತ್ತು. ಎರಡನೆಯದಕ್ಕೆ ರಸ ಕಣ್ಣಿಗೆ ಹಾರಿತು. ಹೆಗಲು ಬೈಯಿತು. ಮುಂಗೈ ಕೇಳಲಿಲ್ಲ. ಕುಟ್ಟಿ, ಎಳೆದು, ಉಸಿರು ತೆಗೆದುಕೊಂಡು, ಮತ್ತೆ ಕುಟ್ಟಿದಳು. ಟೊಕ್. ಸರ್ರ್.

"ಅತ್ತಿಗೆ! ಬಾಗಿಲು ಯಾಕೆ ಹಾಕ್ಕೊಂಡೆ?"

"ಧೂಳು."

"ಎಲ್ಲಿಯ ಧೂಳು? ಕೆಸರಲ್ಲಿ ನನ್ನ ಚಪ್ಪಲಿ ಹೂತು ಹೋಗಿದೆ!"

"ಬಾಯಿ ಮುಚ್ಚೇ," ಎಂದಿತು ಒಬೋಶಿಯ ದನಿ, ಬಾಗಿಲಿಗೆ ತೀರ ಹತ್ತಿರದಿಂದ. "ಕೇಳು."

ಅಂಗಳದ ಮಾತು ಒಂದೊಂದೇ ನಿಂತಿತು. ಶೋರ್ಮೆ ಟೊಮೆಟೊ ಹಾಕಿ ಒಡೆದು, ಚಮಚದಲ್ಲಿ ತುಂಬಿ, ಬಾಗಿಲನ್ನು ಒಂದು ಗೇಣು ತೆರೆದು ಬಲಗೈಯಲ್ಲಿ ಹೊರಗೆ ಚಾಚಿದಳು. ಚಮಚ ಹೋಯಿತು. ಆಮೇಲೆ ಒಬೋಶಿ ಕೆಮ್ಮಿದಳು, ಇನ್ನೂ ಕೆಮ್ಮಿದಳು, ಮೂಗು ಒರೆಸಿಕೊಂಡಳು.

"ಹಲ್ಲಿಗೆ ಸಿಕ್ತು ನೋಡು," ಎಂದಳು. "ಅಫಿಯೆ, ಆ ಡಬ್ಬಿ ಅಂಗಡಿಯೋನಿಗೆ ಬೇರೆ ಮೂಲೆ ನೋಡ್ಕೋ ಅನ್ನು. ಏನೇ ಶೋರ್ಮೆ, ಇಷ್ಟು ಜನಕ್ಕೆ ಒಂದು ಚಮಚ ಸಾಕಾ?"

"ಮಾಡ್ತೀನಿ. ಆತುರ ಇದ್ರೆ ನೀವೇ ಬಂದು ಅರೀರಿ."

"ಥೇಟ್ ಅಕ್ಕನ ಬಾಯಿ," ಎಂದಳು ಒಬೋಶಿ, ಯಾರಿಗೋ.

ಶೋರ್ಮೆ ಮತ್ತೆ ಅಗುಳಿ ಹಾಕಿ ಗಿಡ್ಡ ಮಣೆಯ ಮೇಲೆ ಕೂತಳು. ತಲೆಬಟ್ಟೆ ಸಡಿಲವಾಗಿ ಕಿವಿಯ ಮೇಲೆ ಇಳಿದಿತ್ತು. ಅದನ್ನು ಬಿಗಿಯಲಿಲ್ಲ. ಎಡಗೈ ಕುಟ್ಟುತ್ತಿತ್ತು. ಬಲಗೈ, ಉಗುರಿನ ಸಂದಿಗಳಲ್ಲಿ ಹಸಿರು ಬಣ್ಣ ಒಣಗಿಸಿಕೊಂಡು, ಮಡಿಲಲ್ಲಿ ಸುಮ್ಮನೆ ಬಿದ್ದುಕೊಂಡಿತ್ತು.