ಕಂಬಳಿಯೊಳಗಿನ ಅಳಿಯ

"ಪ್ರೇಮಲೀಲಾ ಮಿಸ್, ನೀವು ಬಂದು ಸುಮ್ಮನೆ ಕೂತ್ಕೊಂಡ್ರೆ ಸಾಕು" ಅಂತ ಶಾಲಿನಿ ಫೋನಿನಲ್ಲಿ ಅಂದಾಗ ನನಗೆ ನಗು ಬಂತು. ನಾನು, ಸುಮ್ಮನೆ ಕೂರೋದು! ಹೈಸ್ಕೂಲಿನ ಹೆಡ್‌ಮಿಸ್ ಆಗಿ ರಿಟೈರ್ ಆದವಳು. ನಾನು ಕಾರಿಡಾರಿಗೆ ಕಾಲಿಟ್ಟರೆ ಮಾಸ್ತರುಗಳೇ ಶರ್ಟು ಒಳಗೆ ಸೇರಿಸಿಕೊಳ್ಳೋರು.

ಶಾಲಿನಿ ನನ್ನ ಹಳೇ ವಿದ್ಯಾರ್ಥಿನಿ, ಈಗ ಮನೋವೈದ್ಯೆ. ಹೆಬ್ಬಾಳದ ಆಚೆ ಒಂದು ತೋಟದಲ್ಲಿ ಹುಡುಗರ ಸಂಗೀತ ಹಬ್ಬವಂತೆ. ಅಲ್ಲಿ ಕೆಲವರು ಏನೇನೋ ನುಂಗಿ, ಇಲ್ಲದ್ದನ್ನೆಲ್ಲ ಕಂಡು ಹೆದರಿ ಕಿರುಚ್ತಾರಂತೆ. ಅಂಥವರ ಪಕ್ಕದಲ್ಲಿ ನಶೆ ಇಳಿಯೋವರೆಗೂ ಕೂರೋಕೆ ಒಂದು ಟೆಂಟ್ ಹಾಕಿದ್ದಾಳೆ.

"ಎರಡು ಬೈದ್ರೆ ತಾನೇ ಇಳಿಯುತ್ತೆ ಬಿಡು" ಅಂದೆ.

"ಬೈಯಲೇಬಾರದು ಮಿಸ್. ದನಿ ಮೆತ್ತಗಿರಬೇಕು. ವಾದ ಬೇಡ, ಸುಳ್ಳೂ ಬೇಡ. ಅವರು ಹೇಳಿದ್ದು ಟೆಂಟಿನಿಂದ ಆಚೆ ಹೋಗಬಾರದು."

ಮುಂದಿನ ಭಾನುವಾರ ನನ್ನ ಮಗಳು ರಕ್ಷಿತಾಳ ನಿಶ್ಚಿತಾರ್ಥ. ಸಿದ್ಧಾರ್ಥನಗರದ ಮನೆ ತುಂಬ ಕೆಲಸ ಬಿದ್ದಿತ್ತು. ಆದರೂ ಹಳೇ ಶಿಷ್ಯೆ ಕರೆದಳಲ್ಲ ಅನ್ನೋ ಜಂಬಕ್ಕೆ ಹೊರಟೆ.

ಮಧ್ಯಾಹ್ನ ಊಟದ ಹೊತ್ತಿಗೆ ಇಬ್ಬರು ಹುಡುಗರು ಒಬ್ಬನನ್ನ ಹೆಗಲು ಕೊಟ್ಟು ಟೆಂಟಿಗೆ ತಂದರು. ಅಂಗಿಯೆಲ್ಲ ಬೆವರು, ಕಣ್ಣು ಬಿಗಿಯಾಗಿ ಮುಚ್ಚಿದ್ದ. "ನಾಲಿಗೆ ಮೇಲೆ ಚೂರು ನಶೆ ಪೇಪರ್ ಇಟ್ಕೊಂಡ ಮೇಡಂ, ಇದೇ ಮೊದಲ ಸಲ" ಅಂದರು.

ಮುಖ ನೋಡಿದೆ. ಅಯ್ಯೋ ಶಿವನೇ! ಅಮರೇಶ್! ನನ್ನ ಅಳಿಯ ಆಗೋನು. ಮಠದ ಸ್ವಾಮಿಗಳೇ ಗೊತ್ತು ಮಾಡಿದ ಹುಡುಗ. ನಮ್ಮನೆಗೆ ಹಣೆ ತುಂಬ ವಿಭೂತಿ ಇಟ್ಕೊಂಡು ಬಂದು, ಕಾಫಿ ಬೇಡ ಆಂಟಿ, ಹಾಲು ಸಾಕು ಅಂದಿದ್ದ ಭೂಪ! ಕೆನ್ನೆಗೆ ಎರಡು ಬಿಗಿಯೋಕೆ ಕೈ ಮೇಲೆದ್ದೇ ಬಿಟ್ಟಿತ್ತು.

ಅವನು ಯಾರು ಅಂತ ಶಾಲಿನಿಗೇನು ಗೊತ್ತು? ನಾಡಿ ನೋಡಿ, "ಜೀವಕ್ಕೇನೂ ಭಯ ಇಲ್ಲ, ತುಂಬ ಹೆದರಿದ್ದಾನೆ. ನೀವೇ ಕೂರಿ ಮಿಸ್" ಅಂತ ಇನ್ನೊಬ್ಬರ ಕಡೆ ಓಡಿದಳು. ನಾನು ಅವನ ಪಕ್ಕದಲ್ಲಿ ಕೂತೆ.

ಅಮರೇಶ ಹೊದಿಸಿದ್ದ ಕಂಬಳಿಯನ್ನ ತಲೆ ಮೇಲಕ್ಕೆ ಎಳೆದುಕೊಂಡ. ಒಂದು ಕೈ ಮಾತ್ರ ಹೊರಗೆ ತಡಕಾಡ್ತಿತ್ತು. ಹಿಡ್ಕೊಂಡೆ, ಇನ್ನೇನು ಮಾಡಲಿ?

"ಯಾರು?" ಅಂದ.

"ನೋಡ್ಕೊಳ್ಳೋಕೆ ಇರೋಳು ಕಣಪ್ಪ" ಅಂದೆ, ಆದಷ್ಟು ಮೆತ್ತಗೆ. ಗುರುತು ಸಿಗಲಿಲ್ಲ ಅವನಿಗೆ. ಎಲ್ಲಿಂದ ಸಿಗಬೇಕು? ಆ ದನಿಯಲ್ಲಿ ನಾನು ಅವನ ಹತ್ತಿರ ಮಾತಾಡಿದ್ದೇ ಇಲ್ಲ.

"ಬಾಗಿಲು ಹಾಕಿ. ಅವರು ಬರ್ತಿದ್ದಾರೆ."

"ಯಾರಪ್ಪ?"

"ಪ್ರೇಮಲೀಲಾ ಆಂಟಿ. ಗೋಡೆಯಷ್ಟು ಎತ್ತರ ಆಗ್ಬುಟ್ಟಿದ್ದಾರೆ. ಪ್ರಶ್ನೆ ಕೇಳ್ತಾನೇ ಇದ್ದಾರೆ. ಉತ್ತರ ಹೇಳೋಣ ಅಂದ್ರೆ ಬಾಯಲ್ಲಿ ನಾಲಿಗೆ ಇಲ್ಲ."

ನನ್ನ ಹೆಸರು! ನಾನೇನು ರಾಕ್ಷಸೀನಾ? ಎಷ್ಟೊತ್ತಿಗೆ ಏಳ್ತೀಯ, ಪೂಜೆ ಮಾಡ್ತೀಯಾ, ಸ್ನೇಹಿತರು ಯಾರ್ಯಾರು ಅಂತ ನಾಲ್ಕು ಮಾತು ಕೇಳಿದ್ದೆ. ಹೆಣ್ಣು ಹೆತ್ತವಳು ಅಷ್ಟೂ ಕೇಳಬಾರದಾ? ಜಗಳಕ್ಕೆ ತೆರೆದ ಬಾಯನ್ನ ಶಾಲಿನಿಯ ಮಾತು ನೆನೆದು ಮುಚ್ಚಿಕೊಂಡೆ.

"ಈ ಮದುವೆ ನನಗೆ ಬೇಡ" ಅಂತ ಬಿಕ್ಕಿದ. "ರಕ್ಷಿತಾಗೂ ಬೇಡ. ಇಬ್ರೂ ಮಾತಾಡ್ಕೊಂಡಿದ್ದೀವಿ. ಅವರ ಮುಂದೆ ಹೇಳೋ ಧೈರ್ಯ ಇಬ್ರಿಗೂ ಇಲ್ಲ. ಅವಳು ದಿನಾ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅಳ್ತಾಳೆ. ಅಮ್ಮಂಗೆ ಕೇಳಿಸದೆ ಇರಲಿ ಅಂತ."

ನಲ್ಲಿ ಬಿಟ್ಕೊಂಡು. ನೀರು ಯಾಕೇ ಹಾಗೆ ಪೋಲು ಮಾಡ್ತೀಯ ಅಂತ ನಿನ್ನೆ ಬೆಳಿಗ್ಗೆ ತಾನೇ ನಾನು ಆ ಬಾಗಿಲು ಬಡಿದಿದ್ದೆ.

"ದಮ್ಮಯ್ಯ ಅಂತೀನಿ, ಅವರನ್ನ ಒಳಗೆ ಬಿಡಬೇಡಿ."

ಸುಳ್ಳು ಹೇಳಬಾರದು ಅಂದಿದ್ದಳಲ್ಲ ಶಾಲಿನಿ. "ಅವರು ಇನ್ನು ನಿನ್ನನ್ನ ಒಂದು ಪ್ರಶ್ನೇನೂ ಕೇಳಲ್ಲ ಕಣೋ" ಅಂದೆ. "ಕೇಳೋಕೆ ನಾನು ಬಿಡಲ್ಲ. ನಿಧಾನಕ್ಕೆ ಉಸಿರಾಡು. ನಾನಿಲ್ಲೇ ಇರ್ತೀನಿ."

ಬಿಸಿಲು ಇಳಿಯೋ ಹೊತ್ತಿಗೆ ನಿದ್ದೆ ಹೋದ. ಕೈ ಮಾತ್ರ ಬಿಡಲಿಲ್ಲ. ಅಷ್ಟರಲ್ಲಿ ಫೋನು. ರಕ್ಷಿತಾ.

"ಅಮ್ಮ, ಟೈಲರು ಬ್ಲೌಸ್ ಕೊಟ್ಟ. ತೋಳು ಬಿಗಿ ಆಗಿದೆ. ಬಿಚ್ಚಿಸಲಾ, ಇಲ್ಲಾ ನೀನೇ ಬಂದು ನೋಡ್ತೀಯಾ?"

ತೋಳಿಗೂ ನನ್ನ ಅಪ್ಪಣೆ! ಟೆಂಟಿನಲ್ಲಿ ಕೇಳಿದ್ದನ್ನ ಆಚೆ ಹೇಳೋ ಹಾಗಿಲ್ಲ. ಪಕ್ಕದಲ್ಲಿ ಮಲಗಿರೋನು ಎದ್ದಾನು ಅಂತ ದನಿ ಏರಿಸೋ ಹಾಗೂ ಇಲ್ಲ.

"ಬ್ಲೌಸ್ ಇರಲಿ ಪುಟ್ಟಾ" ಅಂದೆ. "ನಿನಗೆ ಈ ಮದುವೆ ಇಷ್ಟ ಇದೆಯಾ? ಇಲ್ಲ ಅಂದ್ರೂ ನಾನೇನೂ ಅನ್ನಲ್ಲ."

ಅವಳು ಗಾಬರಿಯಲ್ಲಿ ಕೇಳಿದಳು, "ಅಮ್ಮ, ಯಾಕೆ ಹೀಗೆ ಮಾತಾಡ್ತಿದ್ದೀಯ? ಯಾರಾದ್ರೂ ತೀರ್ಕೊಂಡ್ರಾ?"

"ಯಾರೂ ಇಲ್ಲ ಕಣೇ. ನೀನು ಹೇಳು."

ಚಪ್ಪಲಿ ಎಳೆದುಕೊಂಡು ನಡೆದದ್ದು ಕೇಳಿಸಿತು, ಬಾಗಿಲ ಚಿಲಕ ಹಾಕಿದ್ದು ಕೇಳಿಸಿತು. ಆಮೇಲೆ ನಲ್ಲಿ ತಿರುಗಿಸಿದಳು.