ಕಿವಿ ಮುಟ್ಟಿದ ಕೈ

ಗಂಗಾವತಿಯ ಸಂಗೀತ ಟೀಚರ್ ಪಂಪಾವತಿಗೆ ಇದ್ದದ್ದು ಒಂದೇ ಆಸೆ. ಟಿವಿಯ ಹಾಡಿನ ಸ್ಪರ್ಧೆಯಲ್ಲಿ ಶಿಷ್ಯೆ ಮೇಘಾಳ ಬಾಯಿಂದ ತನ್ನ ಹೆಸರು ಬರಬೇಕು, ಒಂದೇ ಒಂದು ಸಲ. ಒಂಬತ್ತು ವರ್ಷ ಕಲಿಸಿದವಳಿಗೆ ಅದೇನು ದೊಡ್ಡ ಆಸೆಯಲ್ಲ. ಶ್ರೀರಾಮನಗರದ ಗದ್ದೆಗಳಲ್ಲಿ ಭತ್ತ ನಾಟಿ ಮಾಡುವ ಹುಲಿಗವ್ವ ಏಳು ವರ್ಷದ ಮಗಳು ಮೇಘಾಳ ಕೈ ಹಿಡಿದು ಬಂದು, "ಅಕ್ಕಾರ, ಈಕಿಗೆ ಕೆಸರು ಹತ್ತಬಾರದ್ರಿ, ಹಾಡು ಕಲಸ್ರಿ" ಎಂದು ಒಪ್ಪಿಸಿಹೋಗಿದ್ದಳು. ಸ್ವರಕ್ಕಿಂತ ಮೊದಲು ಪಂಪಾವತಿ ಕಲಿಸಿದ್ದು, ಗುರುವಿನ ಮಾತು ಬಂದಾಗ ಕಿವಿ ಮುಟ್ಟಿಕೊಳ್ಳುವುದನ್ನು. ತೀರಿಹೋದ ತನ್ನ ಗುರು ಮಕ್ಬುಲಸಾಬರ ಹೆಸರೆತ್ತಿದರೆ ಅವಳ ಕೈಯೂ ಇಂದಿಗೂ ತಾನಾಗಿ ಕಿವಿಗೆ ಹೋಗುತ್ತದೆ.

ಶನಿವಾರ ಸಂಜೆ ಪಾಠದ ಮಕ್ಕಳನ್ನೆಲ್ಲ ಕೂಡಿಸಿ, ಮಂಡಕ್ಕಿ ಮಿರ್ಚಿ ತರಿಸಿ, ಟಿವಿ ಹಚ್ಚಿದಳು. ಮೊದಲು ಬಂದವನ ಶ್ರುತಿ ಒಂದು ಊರಿಗೆ, ಹಾಡು ಇನ್ನೊಂದು ಊರಿಗೆ ಹೊರಟಿದ್ದವು. ಹಾಡು ಮುಗಿಸಿ ಅವನು ಅತ್ತ, ತೀರ್ಪುಗಾರರೂ ಅತ್ತರು, ಪಾಸಾದ. ಪಂಪಾವತಿಗೆ ಮೈಯೆಲ್ಲ ಉರಿಯಿತು. ಹಾಡಲು ಬರದಿದ್ದರೂ ಇಲ್ಲಿ ನಡೆಯುತ್ತದೆ, ಅಳಲು ಬಂದರೆ ಸಾಕು. ಇರಲಿ, ನನ್ನ ಹುಡುಗಿ ಬಾಯಿ ತೆರೆದರೆ ಇವರಿಗೆಲ್ಲ ಗೊತ್ತಾಗುತ್ತದೆ ಎಂದುಕೊಂಡಳು.

ಮೇಘಾಳ ಹಾಡಿಗಿಂತ ಮೊದಲು ಅವಳ ಬಡತನ ಬಂತು. ಪರಿಚಯದ ವಿಡಿಯೋದಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದಳು. ಜನ್ಮದಲ್ಲಿ ಗದ್ದೆಗಿಳಿಯದ ಹುಡುಗಿ ಸಸಿಯ ಬೇರು ಮೇಲೆ ಮಾಡಿ ಹಿಡಿದುಕೊಂಡಿದ್ದಳು. ಆಮೇಲೆ ಹಾಡಿದಳು. ದನಿಯೇನೋ ಪಳಗಿದ ದನಿಯೇ. ಆದರೆ ಹಳ್ಳಿಯವಳಂತೆ ಕೇಳಿಸಲಿ ಎಂದು ಎರಡು ಕಡೆ ಬೇಕಂತಲೇ ಸ್ವರ ಕೆಡಿಸಿದಳು. ತಿದ್ದಿದವಳಿಗೆ ಅದು ತಿಳಿಯದೆ ಇರುತ್ತದೆಯೇ?

"ಅಬ್ಬಾ, ಎಷ್ಟು ಸಹಜವಾಗಿದೆ! ಯಾರಮ್ಮ ನಿನ್ನ ಗುರು?" ಎಂದರು ತೀರ್ಪುಗಾರರು.

ಪಂಪಾವತಿ ಟಿವಿಯ ಸದ್ದು ಹೆಚ್ಚಿಸಿದಳು.

"ಗುರುಗಳು ಯಾರೂ ಇಲ್ರಿ ಸರ್. ಗದ್ದ್ಯಾಗ ಅವ್ವನ ಹಾಡು ಕೇಳಿ ಕೇಳಿ ಬಂತ್ರಿ."

ಹೇಳುತ್ತಿದ್ದಂತೆಯೇ ಅವಳ ಬಲಗೈ ಎದ್ದು ಕಿವಿ ಮುಟ್ಟಿತು.

"ಇಯರ್‌ಫೋನ್ ಸಡಿಲ ಆಯ್ತೇನಮ್ಮ?"

"ಹೌದ್ರಿ ಸರ್" ಎಂದು ಮೇಘಾ ಕೈ ಕೆಳಗಿಳಿಸಿದಳು.

ಹತ್ತು ವರ್ಷದ ಅಮೃತಾ ಚಪ್ಪಾಳೆ ತಟ್ಟಿದಳು. "ಅಕ್ಕಾರ, ಮೇಘಕ್ಕ ನಿಮ್ಮನ್ನ ನೆನಸ್ಯಾಳ ನೋಡ್ರಿ!"

ಪಂಪಾವತಿ ಟಿವಿ ಆರಿಸಿದಳು. ಮರೆತಿದ್ದರೆ ಹೋಗಲಿ ಬಿಡು ಎನ್ನಬಹುದಿತ್ತು. ಹುಡುಗಿ ಮರೆತಿಲ್ಲ. ನೆನಪಿಟ್ಟುಕೊಂಡೇ, ಗುರು ಇಲ್ಲ ಎಂದಳು. ಒತ್ತಿ ಬಂದ ಅಳುವನ್ನು ಮಕ್ಕಳೆದುರು ನುಂಗಿಕೊಂಡು, ಉಳಿದ ಮಿರ್ಚಿ ಹಂಚಿ ಕಳಿಸಿದಳು.

ಸೋಮವಾರ ಅಮೃತಾಳ ಅಪ್ಪ, ಕಿರಾಣಿ ಅಂಗಡಿಯ ಬಸವಕುಮಾರ, ಮಗಳನ್ನು ಬಿಟ್ಟು ಒಬ್ಬನೇ ಬಂದ. ಚಪ್ಪಲಿ ಕಳೆಯದೆ ಬಾಗಿಲಲ್ಲೇ ನಿಂತ.

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ಅಮೃತಾನ್ನ ಇನ್ನ ಪಾಠಕ್ಕ ಕಳಸಂಗಿಲ್ರಿ. ಕಲಿತೋರಿಗೆ ಟಿವಿಯಾಗ ಬೆಲಿ ಇಲ್ಲಂತಲ್ರಿ."

ಅವನು ತಲೆ ಕೆರೆದುಕೊಂಡ.

"ಆದ್ರ ಎರಡು ವರ್ಷ ಕಲಿತುಬಿಟ್ಟಾಳಲ್ರಿ. ಅದನ್ನ ಗೊತ್ತಾಗದಂಗ ಹೆಂಗ ಮಾಡಬೇಕ್ರಿ?"

ಪಂಪಾವತಿ ಹಾರ್ಮೋನಿಯಂ ಮುಚ್ಚಿದಳು.

"ಮೊದಲ ಕಿವಿ ಮುಟ್ಟಿಕೊಳ್ಳೋದು ಬಿಡಸ್ರಿ" ಎಂದಳು.