ಎಡಗೈಯ ಬ್ರೇಕು

ಮೊರಬದ ಬಸ್‌ಸ್ಟ್ಯಾಂಡಿನ ಬಾಜು ಮರಿಯಮಬಿಯ ಗ್ಯಾರೇಜು. ಗಂಡ ಇಸ್ಮಾಯಿಲಸಾಬ ಇದ್ದಷ್ಟು ದಿನ ಅವನಿಗೆ ನಟ್ಟು ತಿರುಗಿಸುವ ಪಾನಾ ಎತ್ತಿಕೊಡುತ್ತಿದ್ದವಳು, ಅವನು ತೀರಿಕೊಂಡ ಮೇಲೆ ಪಾನಾ ತಾನೇ ಹಿಡಿದಳು. ನಾನು ಅದೇ ಊರಿನ ಸಾಲೆಯಲ್ಲಿ ಮೂವತ್ತು ವರ್ಷ ಕಲಿಸಿದ ದ್ವಾರಕಾಬಾಯಿ. ಊರಿಗೆಲ್ಲ ಅಕ್ಕೋರು. ನನ್ನ ಮೊಪೆಡ್ಡು ಕೆಟ್ಟಾಗಲೆಲ್ಲ ಅವರ ಗ್ಯಾರೇಜಿನ ಬಾಗಿಲಲ್ಲಿ ಕೂತು ಕೂತೇ ನನಗೂ ಮರಿಯಮಬಿಗೂ ಗೆಳೆತನವಾಯಿತು.

ನಮ್ಮ ಯಜಮಾನರ ಹಳೆಯ ಯೆಜ್ಡಿ ಮೋಟರ್‌ಸೈಕಲ್ಲು ಹದಿನಾರು ವರ್ಷದಿಂದ ಹಿತ್ತಲಲ್ಲಿ ಗೋಣಿತಟ್ಟಿನ ಕೆಳಗೆ ನಿಂತಿತ್ತು. ಹೋದ ದೀಪಾವಳಿಗೆ ಮನೆ ಸಾರಿಸುವಾಗ ಗುಜರಿಗೆ ಹಾಕಿಬಿಡೋಣ ಎಂದುಕೊಂಡೆವು. ಅಂದು ನಮ್ಮಲ್ಲಿಗೆ ಬಂದಿದ್ದ ಮರಿಯಮಬಿ ಗಾಡಿಯ ಪೆಟ್ರೋಲ್ ಟಾಕಿಯ ಮೇಲೆ ಅಂಗೈ ಇಟ್ಟು ನಿಂತಳು.

"ಅಕ್ಕೋರ, ಇದನ್ನ ಗುಜರಿಗೆ ಹಾಕಿದ್ರ ಪಾಪ ಹತ್ತತೈತ್ರಿ."

"ಅದಕ್ಕ ಕಿಕ್ ಹೊಡಿಯೋ ಮೊಣಕಾಲು ಈ ಮನ್ಯಾಗ ಒಂದೂ ಉಳದಿಲ್ಲ," ಎಂದರು ನಮ್ಮವರು, ದಿನಕರ.

"ಅಕ್ಕೋರಿಗೆ ನಾ ಕಲಸ್ತೇನ್ರಿ. ಅವರು ನನಗ ಸಹಿ ಮಾಡಾಕ ಕಲಿಸ್ಯಾರ, ನಾ ಅವರಿಗೆ ಗಾಡಿ ಕಲಸ್ತೇನಿ."

"ಅರವತ್ತೇಳಕ್ಕ?"

"ಗಾಡಿಗೂ ನಲವತ್ತಾತ್ರಿ ಸಾಹೇಬ್ರ. ಜೋಡಿ ಚಲೋ ಐತಿ."

ಎರಡು ತಿಂಗಳು ಮಧ್ಯಾಹ್ನದ ಹೊತ್ತು ನಮ್ಮ ಹಿತ್ತಲೇ ಗ್ಯಾರೇಜಾಯಿತು. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಹಳೆಯ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಬೇರೆ ಬೇರೆಯಾಗಿ ಇಡುವುದು ನನ್ನ ಕೆಲಸ. ಟಾಕಿಯೊಳಗೆ ಸೀಮೆಎಣ್ಣೆ, ಹಿಡಿ ಹರಳುಕಲ್ಲು ಹಾಕಿ ಇಬ್ಬರೂ ಎರಡು ಕಡೆ ಹಿಡಿದು ಅಲುಗಾಡಿಸಿದೆವು. ತುಕ್ಕು ಕರಗಿ ಕೆಂಪು ಚಹಾದಂತೆ ಸುರಿಯಿತು. ಹಿಂದಿನ ಬ್ರೇಕಿಗೆ ಹೊಸ ಲೈನರು ಕೂಡಿಸಿದ ದಿನ ಮರಿಯಮಬಿಗೆ ಅದೊಂದೇ ಕೆಲಸ. ಚಕ್ರ ತಿರುಗಿಸುವುದು, ಕಿವಿ ಹತ್ತಿರ ಇಟ್ಟು ಕೇಳುವುದು, ಮತ್ತೆ ಬಿಚ್ಚುವುದು.

"ಬ್ರೇಕ್ ಅಂದ್ರ ಮಂದಿ ಜೀವ ಅಕ್ಕೋರ. ನಮ್ಮನಿಯವರು ಇದನ್ನ ಎರಡು ಸಲ ನೋಡಾವ್ರು. ನಾ ಮೂರು ಸಲ ನೋಡತೇನಿ."

ನನ್ನ ಬೆರಳುಗಳ ಗೆಣ್ಣು ಸೊಟ್ಟಗಾಗಿರುವುದನ್ನು ಅವಳು ಯಾವಾಗ ನೋಡಿದಳೋ ತಿಳಿಯದು. ಒಂದು ದಿನ ಎಡಗೈಯ ಕ್ಲಚ್ ಹಿಡಿದು ನೋಡಿದರೆ ಬೆಣ್ಣೆಯಂತೆ ಮೆತ್ತಗಾಗಿತ್ತು. ವಾಯರಿಗೆ ಎಣ್ಣೆ ಬಿಟ್ಟು, ಹಿಡಿಕೆಗೆ ಹಳೆಯ ಸೀರೆಯ ಪಟ್ಟಿ ಸುತ್ತಿದ್ದಳು.

ಊರ ಹೊರಗಿನ ಹೊಲದ ರಸ್ತೆಯಲ್ಲಿ ಬೆಳಿಗ್ಗೆ ಪಾಠ. ಅವಳು ಹಿಂದೆ ಕೂತು ನನ್ನ ಹೆಗಲು ಹಿಡಿದು ಮಗ್ಗಿ ಹೇಳಿಸುತ್ತಿದ್ದಳು. "ಎಡಗೈ?" "ಕ್ಲಚ್ಚು." "ಎಡಗಾಲು?" "ಗೇರು." "ಬಲಗಾಲು?" "ಬ್ರೇಕು." "ಮರತ್ರ?" "ಬೆಂಚಿನ ಮ್ಯಾಲೆ ನಿಂದರಬೇಕು." ಇಬ್ಬರೂ ನಗುತ್ತಿದ್ದೆವು. ನಮ್ಮ ಬಲಕ್ಕೆ ಕಡಲೆ ಹೊಲ, ಎಡಕ್ಕೆ ಜೋಳ.

ಮಾಘದ ಒಂದು ಬೆಳಿಗ್ಗೆ ಆ ರಸ್ತೆಯ ಅರ್ಧಕ್ಕೆ ಪಕ್ಕದ ಹೊಲದ ಬಸವಣ್ಣೆವ್ವ ಮೆಣಸಿನಕಾಯಿ ಒಣಹಾಕಿ, ಸುತ್ತ ಕಲ್ಲು ಇಟ್ಟಿದ್ದಳು. ಎದುರಿಗೆ ಟ್ರ್ಯಾಕ್ಟರು ಬಂತು. ಮಗ್ಗಿಯೆಲ್ಲ ಮರೆತುಹೋಯಿತು. ಇಪ್ಪತ್ತು ವರ್ಷ ಮೊಪೆಡ್ಡು ಹೊಡೆದ ಕೈ ಇದು. ಮೊಪೆಡ್ಡಿಗೆ ಬ್ರೇಕು ಇರುವುದು ಎಡಗೈಯಲ್ಲಿ. ಇದ್ದ ಶಕ್ತಿಯನ್ನೆಲ್ಲ ಹಾಕಿ ಎಡಗೈ ಹಿಡಿದೆ. ಅದು ಕ್ಲಚ್ಚು. ಇಂಜಿನ್ನಿನ ಹಿಡಿತ ತಪ್ಪಿದ ಗಾಡಿ ಹಗುರಾಗಿ ಉರುಳಿ, ಕಲ್ಲು ಹಾರಿ, ಮೆಣಸಿನಕಾಯಿಯ ನಡುವೆ ಉದ್ದಕ್ಕೆ ಗೆರೆ ಎಳೆದು ಬಿತ್ತು. ಇಬ್ಬರೂ ಕಾಯಿಯ ಮೇಲೆಯೇ ಬಿದ್ದೆವು. ಟ್ರ್ಯಾಕ್ಟರು ನಿಲ್ಲದೆ ಹೋಗಿಬಿಟ್ಟಿತು.

ನಾನು ಸೆರಗು ಸರಿಮಾಡಿಕೊಂಡು ಏಳುವಷ್ಟರಲ್ಲಿ ಮರಿಯಮಬಿ ಗಾಡಿ ಎತ್ತಿ ಹ್ಯಾಂಡಲ್ ಹಿಡಿದು ನಿಂತಿದ್ದಳು. ಬಸವಣ್ಣೆವ್ವ ಬದುವಿನಿಂದ ಓಡಿ ಬಂದಳು.

"ತಪ್ಪಾತವ್ವಾ," ಎಂದಳು ಮರಿಯಮಬಿ. "ನಾನ ಹೊಡಿಯಾಕತ್ತಿದ್ನಿ. ಬ್ರೇಕ್ ಸರಿ ಕೂಡ್ಸಿದ್ದಿಲ್ಲ, ಹತ್ತಲಿಲ್ಲ."

"ಬ್ರೇಕ್ ಕೂಡ್ಸಾಕ ಬರದಾಕಿ ಅಂಗಡಿ ಯಾಕ ತಗದೀ ಬೇ? ನನ್ನ ಕಾಯೆಲ್ಲ ಒಡದು ಬೀಜ ಆತಲ್ಲ! ಮನ್ಯಾಗ ಕುಂತು ರೊಟ್ಟಿ ಬಡಿ ಹೋಗು!" ಬೈಯುತ್ತ ಬಸವಣ್ಣೆವ್ವ ಸೀನಿದಳು. ಬೈಸಿಕೊಳ್ಳುತ್ತ ಮರಿಯಮಬಿಯೂ ಸೀನಿದಳು. ಘಾಟು ಎಲ್ಲರ ಮೂಗಿಗೆ ಏರಿತ್ತು. ಆಮೇಲೆ ಬಸವಣ್ಣೆವ್ವ ದನಿ ಇಳಿಸಿ ನನ್ನ ಕಡೆ ತಿರುಗಿ, ತನ್ನ ಕುಡಿಯುವ ನೀರಿನ ತಂಬಿಗೆ ಕೊಟ್ಟಳು. "ನಿಮಗೇನೂ ಆಗಿಲ್ಲಲ್ರಿ ಅಕ್ಕೋರ? ಇಂಥಾಕಿ ಹಿಂದ ಯಾಕ ಕುಂಡ್ರತೀರಿ?"

"ಏನೂ ಆಗಿಲ್ಲವ್ವಾ," ಎಂದೆ. ಅಷ್ಟೇ ಅಂದೆ.

ಮನೆಯಲ್ಲಿ ನಮ್ಮವರು ಕೇಳಿದಾಗ "ಬ್ರೇಕ್ ಹತ್ತಲಿಲ್ಲ" ಎಂದೆ. ಅವರು ಅದನ್ನು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹೇಳಿದರು. ನಾನು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ, ಬ್ರೇಕು ನಿಜವಾಗಿಯೂ ಸಡಿಲಿದ್ದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ದಿನಕ್ಕೆರಡು ಸಲ ಹೇಳಿಕೊಂಡರೆ ನಂಬಿಕೆ ಬರುತ್ತದೆ. ನನಗೂ ಬಂತು.

ಮೂರು ವಾರ ಬಿಟ್ಟು ಗ್ಯಾರೇಜಿಗೆ ಹೋದೆ. ಯಾವಾಗಲೂ ನಾಲ್ಕೈದು ಗಾಡಿ ನಿಂತಿರುತ್ತಿದ್ದ ಜಾಗದಲ್ಲಿ ಒಂದು ನಾಯಿ ಮಲಗಿತ್ತು. ಮರಿಯಮಬಿ ಹಳೆಯ ಟ್ಯೂಬು ಕತ್ತರಿಸಿ ಪಟ್ಟಿ ಮಾಡುತ್ತಿದ್ದಳು.

"ಬರ್ರಿ ಅಕ್ಕೋರ. ಮೊಣಕಾಲ ನೋವು ಕಡಿಮಿ ಆತೇನ್ರಿ?" ಎಂದು ಸ್ಟೂಲಿನ ಮೇಲಿನ ಎಣ್ಣೆ ಒರೆಸಿ ಶುಭ್ರ ಬಟ್ಟೆ ಹಾಸಿದಳು.

ಅಷ್ಟರಲ್ಲಿ ಮಂಜಪ್ಪ ಗಾಡಿ ತಂದ. ನಾಲ್ಕನೇ ಇಯತ್ತೆ ನನ್ನ ಕೈಯಲ್ಲೇ ಕಲಿತವನು. "ಗಾಳಿ ಅಷ್ಟ ಹಾಕು. ಬ್ರೇಕ್ ಸಡ್ಲ ಆಗೇತಿ, ಅದನ್ನ ಹುಬ್ಬಳ್ಳ್ಯಾಗ ತೋರಸ್ತೇನಿ. ನೀ ಕೂಡ್ಸಿದ ಬ್ರೇಕಿನ ರುಚಿ ನಮ್ಮ ಅಕ್ಕೋರಿಗೆ ಗೊತ್ತೈತಿ!"

ಅವನು ನಕ್ಕ. ಮರಿಯಮಬಿಯೂ ನಕ್ಕಳು, ಬಗ್ಗಿ ಗಾಳಿ ಹಾಕಿದಳು. ನನ್ನ ಮುಖ ಮಾತ್ರ ನೋಡಲಿಲ್ಲ. ನಾನು ನಾಚಿಕೊಂಡಿರುವುದು ಅವಳಿಗೆ ತಿಳಿದಿತ್ತು. ನನಗೆ ಮುಜುಗರವಾಗಬಾರದೆಂದೇ ಆಕಡೆ ತಿರುಗಿದ್ದಳು.

ಮನೆಗೆ ಬಂದು ಹಿತ್ತಲಲ್ಲಿ ಗಾಡಿ ನೂಕಿ, ಬಲಗಾಲಿನ ಬ್ರೇಕು ಒತ್ತಿದೆ. ಚಕ್ರ ನಿಂತಲ್ಲೇ ನಿಂತಿತು. ಮತ್ತೆ ನೂಕಿದೆ, ಒತ್ತಿದೆ. ಆರು ಸಲ. ಆರು ಸಲವೂ ನಿಂತಿತು.

ಮರುದಿನ ಬಸವಣ್ಣೆವ್ವನ ಹೊಲಕ್ಕೆ ಹೋದೆ. "ಅವತ್ತ ಗಾಡಿ ಹೊಡದಾಕಿ ನಾನವ್ವಾ. ಬ್ರೇಕ್ ಸರಿ ಇತ್ತು," ಎಂದೆ.

ಅವಳು ಕಾಯಿಯ ತೊಟ್ಟು ಮುರಿಯುತ್ತಲೇ ಇದ್ದಳು. "ಗೊತ್ತೈತ್ರಿ. ಬದುವಿನ ಮ್ಯಾಲ ನಿಂತು ನೋಡಾಕತ್ತಿದ್ನಿ. ನೀವ ಮುಂದಿದ್ರಿ."

"ಮತ್ತ ಆಕಿಗ್ಯಾಕ ಬೈದಿ?"

"ಅಕ್ಕೋರಿಗೆ ಹೆಂಗ ಬೈಯೂದ್ರಿ? ನನ್ನ ಮಕ್ಕಳಿಗೆ ಕಲಿಸೀರಿ. ಸಿಟ್ಟ ಬಂದಿತ್ತು, ಯಾರಿಗರೆ ಬೈಬೇಕಿತ್ತು. ಆಕಿ ತಾನ ಮುಂದ ಬಂದ್ಲು."

"ಈಗ ಬೈಯಿ."

"ಬಾಯಿ ಬರಂಗಿಲ್ರಿ," ಎಂದು ನಕ್ಕು, ಒಂದು ಬೊಗಸೆ ಮೆಣಸಿನಕಾಯಿ ನನ್ನ ಸೆರಗಿಗೆ ಹಾಕಿದಳು. ಬೈದಿದ್ದರೆ ಅಷ್ಟು ಭಾರವಾಗುತ್ತಿರಲಿಲ್ಲ. ಮೂವತ್ತು ವರ್ಷ ಈ ಊರು ನನಗೆ ಕೊಟ್ಟ ಮರ್ಯಾದೆಯನ್ನು ನಾನು ಗಳಿಸಿದ್ದು ಎಂದುಕೊಂಡಿದ್ದೆ. ಅದಕ್ಕಾಗಿ ಬೈಸಿಕೊಳ್ಳುವವರು ಬೇರೆ ಯಾರೋ ಇದ್ದರು.

ಅಂದು ಸಂಜೆ ನಾಲ್ಕಕ್ಕೆ, ಹುಬ್ಬಳ್ಳಿ ಬಸ್ಸಿನ ಹೊತ್ತಿಗೆ, ಯೆಜ್ಡಿಯನ್ನು ನೂಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆ. ಹತ್ತಿ ಹೊಡೆಯುವ ಧೈರ್ಯ ಇರಲಿಲ್ಲ. ಚಹಾದಂಗಡಿಯ ಬೆಂಚಿನ ಮೇಲೆ ನಮ್ಮವರು, ಮಂಜಪ್ಪ, ಇನ್ನೂ ಹತ್ತು ಜನ ಇದ್ದರು. ಸಾಲೆಯಲ್ಲಿ ಹಿಂದಿನ ಸಾಲಿಗೆ ಕೇಳುವಂತೆ ಮಾತಾಡುತ್ತಿದ್ದ ದನಿ ಅಂದು ಸಹಾಯಕ್ಕೆ ಬಂತು.

"ಮಂಜಪ್ಪಾ, ಬಾ ಇಲ್ಲೆ. ಈ ಬ್ರೇಕ್ ಒತ್ತಿ ನೋಡು. ಮೆಣಸಿನಕಾಯಿ ಮ್ಯಾಲೆ ಗಾಡಿ ಹಾಯಿಸಿದಾಕಿ ನಾನು. ಬ್ರೇಕ್ ಅಂತ ತಿಳದು ಕ್ಲಚ್ ಹಿಡದೆ. ಮರಿಯಮಬಿ ನನ್ನ ಮಾನ ಉಳಸಾಕ ತನ್ನ ಕೆಲಸದ ಹೆಸರು ಕೆಡಿಸಿಕೊಂಡ್ಲು. ನಾ ಸುಮ್ಮನಿದ್ದೆ."

ನಮ್ಮವರು ಪೇಪರಿನಲ್ಲಿ ಮುಖ ಇಟ್ಟುಕೊಂಡರು. ಉಳಿದವರು ಒಬ್ಬೊಬ್ಬರಾಗಿ, "ಇರ್ಲಿ ಬಿಡ್ರಿ ಅಕ್ಕೋರ," "ವಯಸ್ಸಾಗೇತಿ, ಆಗೂದಾ," ಎಂದರು. ಮೂರು ವಾರದಲ್ಲಿ ಮರಿಯಮಬಿಗೆ ಒಬ್ಬರೂ 'ಇರಲಿ ಬಿಡು' ಅಂದಿರಲಿಲ್ಲ. ನಾನು ಹ್ಯಾಂಡಲ್ ಹಿಡಿದು ಅಲ್ಲೇ ನಿಂತೆ. ಗ್ಯಾರೇಜಿನ ಬಾಗಿಲಲ್ಲಿ ಮರಿಯಮಬಿ ಕೈಯಲ್ಲಿ ಟ್ಯೂಬು ಹಿಡಿದುಕೊಂಡು ನಿಂತಿದ್ದಳು.

ಮಂಜಪ್ಪ ಬಂದು ಬಗ್ಗಿ, ಕೈಯಿಂದಲೇ ಪೆಡಲು ಒತ್ತಿ, ಗಾಡಿ ನೂಕಿ ನೋಡಿದ. ಚಕ್ರ ಅಲುಗಲಿಲ್ಲ. ತಲೆ ಕೆರೆದುಕೊಂಡು ಗ್ಯಾರೇಜಿನ ಬಾಗಿಲಿಗೆ ಹೋಗಿ, ತನ್ನ ಗಾಡಿಯ ಚಾವಿ ತೆಗೆದು ಮರಿಯಮಬಿಯ ಮುಂದೆ ಹಿಡಿದ.

"ನನ್ನ ಬ್ರೇಕೂ ಒಂದೀಟ ನೋಡ ಬೇ ಮರಿಯಮಕ್ಕಾ. ನಾಳಿಗೆ ಬೇಕಾಗಿತ್ತು."

ಮರಿಯಮಬಿ ತನ್ನ ಖಾಲಿ ಅಂಗಳವನ್ನು, ಮಲಗಿದ ನಾಯಿಯನ್ನು ನೋಡಿದಳು.

"ನಾಳೆ ಆಗೂದಿಲ್ಲ," ಎಂದಳು. "ಕೆಲಸ ಭಾಳ ಐತಿ. ನಾಡದ್ದ ಬಾ."

ಆಮೇಲೆ ನನ್ನ ಹತ್ತಿರ ಬಂದು, ನನ್ನ ಎಡಗೈಯನ್ನು ಕ್ಲಚ್ಚಿನ ಮೇಲಿಂದ ಬಿಡಿಸಿದಳು. ಅಲ್ಲಿಯವರೆಗೂ ನಾನು ಅದನ್ನೇ ಹಿಡಿದು ನಿಂತಿದ್ದೆ.